ಹೊದಿಕೆಯ ಗಾಜು

ನಮ್ಮ ಶಾಲೆಯಲ್ಲಿ ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅದರ ಮೇಲೆ ಹೊದಿಸುತ್ತಿದ್ದ ತೆಳುವಾದ ಗಾಜು ನಿಮಗೆ ನೆನಪಿರಬಹುದು. ಅದಕ್ಕೆ ಕವರ್‌ಸ್ಲಿಪ್ ಎಂದು ಹೆಸರು. ಜೀವಕೋಶಗಳ ಒಳರಚನೆಯನ್ನು ನೋಡುವ ಪ್ರಯೋಗಶಾಲೆಯೊಂದರಲ್ಲಿ ಕೆಲಸಮಾಡುವ ನನಗೆ ಈ ಗಾಜೇ ನಿತ್ಯದ ಸಂಗಾತಿ.

ಸಾಧಾರಣ ಸೂಕ್ಷ್ಮದರ್ಶಕವು ಮಿಲಿಮೀಟರಿನ ಸುಮಾರು ಐದು ಸಾವಿರದಲ್ಲೊಂದು ಪಾಲಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಬೆಳಕಿನ ಸ್ವಭಾವದಿಂದಲೇ ಉಂಟಾಗುವ ಈ ಮಿತಿಯನ್ನು ಜರ್ಮನಿಯ ಎರ್ನ್ಸ್ಟ್ ಅಬೆಯವರು ೧೮೭೩ರಲ್ಲಿ ತಿಳಿಸಿದರು. ಅದನ್ನು ದಾಟುವ ಉಪಾಯಗಳಿಗಾಗಿ ಬೆಟ್ಸಿಗ್, ಹೆಲ್, ಮೋರ್ನರ್ ಎಂಬ ಮೂವರಿಗೆ ೨೦೧೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಒಂದು ಉಪಾಯವು ಹೀಗಿದೆ: ಕೋಶದೊಳಗಿನ ಅಣುಗಳಿಗೆ ಹೊಳೆಯುವ ಬಣ್ಣವನ್ನು ಅಂಟಿಸಿ, ಒಮ್ಮೆಗೆ ಕೆಲವೇ ಅಣುಗಳು ಮಿನುಗುವಂತೆ ಮಾಡಿ, ಒಂದೊಂದರ ಸ್ಥಾನವನ್ನು ಗುರುತಿಸಿ, ಸಾವಿರಾರು ಚಿತ್ರಗಳಿಂದ ಒಂದೇ ಚಿತ್ರವನ್ನು ಕೂಡಿಸುವರು.

ಇಲ್ಲಿಯೇ ಗಾಜಿನ ಯೋಗ್ಯತೆಯು ಪರೀಕ್ಷೆಗೆ ಒಳಗಾಗುವುದು. ಮಸೂರವನ್ನು ರಚಿಸುವವರು ೦.೧೭ ಮಿಲಿಮೀಟರ್ ದಪ್ಪದ ಗಾಜನ್ನು ಗಣನೆಗೆ ತಂದುಕೊಂಡೇ ರಚಿಸಿರುತ್ತಾರೆ. ದಪ್ಪವು ಹೆಚ್ಚುಕಡಿಮೆಯಾದರೆ ಬಿಂದುವು ಮಸುಕಾಗುವುದು. ಆದಕಾರಣ ತಕ್ಕ ಗಾಜನ್ನು ಆರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿಟ್ಟು, ಕಿವಿಗೆ ಕೇಳದ ಶಬ್ದತರಂಗಗಳಿಂದ ಕದಲಿಸಿ, ಶುದ್ಧವಾದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಧೂಳು ಸೋಕದಂತೆ ಒಣಗಿಸುವೆವು. ಬಳಿಕ ಕೋಶಗಳು ಅಂಟಿಕೊಳ್ಳಲೆಂದು ಪಾಲಿಲೈಸಿನ್ ಎಂಬ ದ್ರವ್ಯವನ್ನು ಲೇಪಿಸಿ, ಅವುಗಳನ್ನು ಆ ಗಾಜಿನ ಮೇಲೆಯೇ ಬೆಳೆಸುವೆವು.

ಒಮ್ಮೆ ಇದನ್ನೆಲ್ಲ ಕಂಡ ನನ್ನ ತಾಯಿಯವರು, “ಇಷ್ಟು ಓದಿದ್ದು ಗಾಜು ತೊಳೆಯುವುದಕ್ಕೇನಮ್ಮಾ?” ಎಂದು ಕೇಳಿದರು. ಆಗ ನನಗೆ ಉತ್ತರವು ಹೊಳೆಯಲಿಲ್ಲ. ಅದನ್ನು ಮುಂದೆ ನಮ್ಮಲ್ಲಿಯ ಒಬ್ಬ ವಿದ್ಯಾರ್ಥಿನಿಯು ತೋರಿಸಿಕೊಟ್ಟಳು. ಆಕೆ ತೆಗೆದ ಚಿತ್ರಗಳಲ್ಲಿ ಕೋಶದ ಅಂಚಿನುದ್ದಕ್ಕೂ ನಕ್ಷತ್ರಗಳಂತೆ ಬಿಂದುಗಳು ಹೊಳೆದವು. ಹೊಸ ಸಂಗತಿಯೊಂದು ದೊರೆಯಿತೆಂದು ಪ್ರಯೋಗಶಾಲೆಯಲ್ಲೆಲ್ಲ ಹರ್ಷವು ಹರಡಿತು. ಆಕೆಯಾದರೋ ಅದೇ ಪೊಟ್ಟಣದಿಂದ, ಕೋಶವೇ ಇಲ್ಲದ ಬರಿಯ ಗಾಜೊಂದನ್ನು ತೆಗೆದು ಯಂತ್ರದಲ್ಲಿಟ್ಟು ನೋಡಿದಳು. ಅಲ್ಲಿಯೂ ಅವೇ ನಕ್ಷತ್ರಗಳು! ಗಾಜಿಗೆ ಅಂಟಿದ್ದ ಕಶ್ಮಲವೇ ಅಣುಗಳಂತೆ ಮಿನುಗಿದ್ದಿತು. ಮೂರು ವಾರಗಳ ಶ್ರಮವನ್ನು ಬದಿಗಿಟ್ಟು, ಒಂದು ಮಾತನ್ನೂ ಆಡದೆ, ಆಕೆ ಗಾಜನ್ನು ಮೊದಲಿನಿಂದ ತೊಳೆಯತೊಡಗಿದಳು. ಆ ಚಿತ್ರವು ಅಚ್ಚಾಗಿದ್ದರೆ, ಅದನ್ನು ನಂಬಿ ದೂರದೇಶಗಳ ಎಷ್ಟು ಮಂದಿ ತಮ್ಮ ಕಾಲವನ್ನು ವ್ಯರ್ಥಮಾಡುತ್ತಿದ್ದರೋ!

ಯಂತ್ರವು ಕಸವನ್ನೂ ಕೋಶವನ್ನೂ ಒಂದೇ ನಿಷ್ಠೆಯಿಂದ ತೋರಿಸುವುದು. ಭೇದವನ್ನರಿಯುವ ಹೊಣೆಯು ಗಾಜನ್ನು ತೊಳೆದವಳದು. ಹೆಣ್ಣುಮಕ್ಕಳನ್ನು ವಿಜ್ಞಾನದ ವ್ಯಾಸಂಗಕ್ಕೆ ಕಳುಹಿಸಿರುವ ತಂದೆತಾಯಿಗಳು, ತಮ್ಮ ಮಗಳು ದಿನವೆಲ್ಲ ಗಾಜು ತೊಳೆದಳೆಂದು ಕೇಳಿದರೆ ದಯವಿಟ್ಟು ವ್ಯಸನಪಡಬಾರದು. ಆ ದಿನ ಅವಳು ತಾನು ಮುಂದೆ ಹೇಳಲಿರುವ ಮಾತು ಸುಳ್ಳಾಗದಂತೆ ನೋಡಿಕೊಂಡಿರುತ್ತಾಳೆ.