ಮನೆಮಾತಿನ ಋಣ

ಇಡಗುಂಜಿಯ ಮಹಾಗಣಪತಿಯ ಸನ್ನಿಧಿಯಲ್ಲಿ ನಿಂತವನ ಕಿವಿಗೆ ಹವ್ಯಕರ ಕನ್ನಡ, ನಮ್ಮ ಕೊಂಕಣಿ, ಘಟ್ಟದ ಮೇಲಿನ ಮಾತು ಎಲ್ಲವೂ ಒಟ್ಟಿಗೇ ಬೀಳುವದು ಹೊಸತಲ್ಲ. ಎರಡೇ ಕೈಗಳ ಆ ನಿಂತ ಮೂರ್ತಿಯು ಯಾರ ಮಾತನ್ನೂ ಬೇಡವೆಂದುದಿಲ್ಲ. ಬೇಡವೆಂದವನು ನಾನೇ. ಆ ತಪ್ಪನ್ನು ವಾಚಕರ ಮುಂದೆ ಹೇಳಿಕೊಳ್ಳುವದಕ್ಕಾಗಿ ಈ ನಾಲ್ಕು ಮಾತು.

ನಮ್ಮದು ಗೋವೆಯಿಂದ ಬಂದ ಸಾರಸ್ವತ ಮನೆತನ. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದು, ಮುಂದೆ ದೇವಾಲಯಗಳನ್ನು ಕೆಡವತೊಡಗಿದಾಗ, ಕುಶಸ್ಥಳಿಯ ಮಂಗೇಶನನ್ನು ಭಕ್ತರು 1560ರಲ್ಲಿ ಪ್ರಿಯೋಳಕ್ಕೆ ಒಯ್ದರು. ಎಷ್ಟೋ ಕುಟುಂಬಗಳು ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಬಂದವು. ಹೊಲ ಮನೆಗಳು ಅಲ್ಲಿಯೇ ಉಳಿದರೂ ಮಾತು ಮಾತ್ರ ಜೊತೆಗೆ ಬಂದಿತು. ಅಂದಿನಿಂದ ನಾವು ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಎಂದು ಬಾಳಿದೆವು. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಕನ್ನಡದ ಮಕ್ಕಳಿಗೆ ಸವಿಯಾದ ಹಾಡುಗಳನ್ನು ಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿಯೇ ಅಲ್ಲವೆ?

ನಾನು ಉದ್ಯೋಗನಿಮಿತ್ತ ಮುಂಬಯಿಯಲ್ಲಿದ್ದಾಗ ಮಗನ ಶಾಲೆಯ ಗುರುಗಳೊಬ್ಬರು, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಬೇಕು, ಇಲ್ಲವಾದರೆ ಹುಡುಗನು ಹಿಂದೆ ಬೀಳುವನೆಂದರು. ನಾನು ತಲೆಯಾಡಿಸಿದೆನು. ನಾಲ್ಕು ಶತಮಾನ ನಿಂತ ಮಾತು ಒಂದು ಸಂಜೆಯಲ್ಲಿ ನಮ್ಮ ಮನೆಯಿಂದ ಎದ್ದುಹೋಯಿತು.

ಆ ಮಗನು ಈಗ ಅಮೇರಿಕೆಯ ಲೂಯಿಸಿಯಾನಾ ಪ್ರಾಂತದ ಲಾಫಯೆಟ್ ಎಂಬ ಪಟ್ಟಣದಲ್ಲಿರುವನು. ಹೋದ ವರ್ಷದ ಮಳೆಗಾಲದಲ್ಲಿ ಹತ್ತು ವರ್ಷದ ಮೊಮ್ಮಗನೊಡನೆ ಊರಿಗೆ ಬಂದಿದ್ದನು. ತೊಂಬತ್ತು ದಾಟಿದ ನನ್ನ ತಾಯಿಯು ಮರಿಮಗನ ಮುಖವನ್ನು ತಡವಿ, ಏನೇನೋ ಅಕ್ಕರೆಯ ಮಾತನ್ನಾಡಿದಳು. ಹುಡುಗನು ಬರಿದೆ ನಕ್ಕನು. "ಇವನಿಗೆ ನಾನು ಬೇಡವಾದೆನೆ?" ಎಂದು ಆಕೆ ನನ್ನನ್ನು ಕೇಳಿದಳು. ನನ್ನ ಬಾಯಿಂದ ಉತ್ತರವು ಹೊರಡಲಿಲ್ಲ.

ಆ ರಾತ್ರಿ ಜಗುಲಿಯಲ್ಲಿ ಮಗನು ತನ್ನ ನೆರೆಮನೆಯ ಮುದುಕರೊಬ್ಬರ ಸಂಗತಿಯನ್ನು ಹೇಳಿದನು. ಅವರು ಕೇಜನ್ ಎಂಬ ಫ್ರೆಂಚ್ ಕುಲದವರು. ಅವರ ಪೂರ್ವಜರು ಇಂದಿನ ಕೆನಡಾದ ಪೂರ್ವತೀರದ ಅಕೇಡಿಯಾದಲ್ಲಿ ಬೇಸಾಯಗಾರರಾಗಿದ್ದರು. 1755ರಲ್ಲಿ ಇಂಗ್ಲಿಷರು ಅವರನ್ನು ಹಡಗುಗಳಲ್ಲಿ ತುಂಬಿ ಹೊರದೂಡಲಾರಂಭಿಸಿದರು. ಅನೇಕರು ದಾರಿಯಲ್ಲಿಯೇ ತೀರಿಕೊಂಡರು. ಉಳಿದವರಲ್ಲಿ ಕೆಲವರು 1765ರ ಸುಮಾರಿಗೆ ಲೂಯಿಸಿಯಾನಾದ ಜೌಗುನೆಲದಲ್ಲಿ ನೆಲೆಯೂರಿದರು. ಇಷ್ಟನ್ನೆಲ್ಲ ತಾಳಿ ಬದುಕಿದ ಫ್ರೆಂಚ್ ಮಾತಿಗೆ ಶಾಲೆಯಿಂದ ಆಪತ್ತು ಬಂದಿತು. 1921ರ ಪ್ರಾಂತೀಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂದು ವಿಧಿಸಿತು. ಫ್ರೆಂಚ್ ಆಡಿದ ಮಕ್ಕಳಿಗೆ ದಂಡನೆಯಾಗುತ್ತಿದ್ದಿತು. ಹಾಗೆ ಪೆಟ್ಟು ತಿಂದವರು ತಮ್ಮ ಮಕ್ಕಳಿಗೆ ಆ ಅವಮಾನವು ಬೇಡವೆಂದು ಮನೆಯಲ್ಲಿಯೂ ಬಾಯಿ ಕಟ್ಟಿಕೊಂಡರು. ಲಾಂಡ್ರಿ, ಬ್ರೂಸಾರ್ಡ್ ಮುಂತಾದ ಅಡ್ಡಹೆಸರುಗಳೂ, ಗಂಬೋ ಎಂಬ ಸಾರೂ, ಪಿಟೀಲಿನ ಹಾಡೂ ಉಳಿದವು. ಮಾತು ಮುದುಕರಲ್ಲಿ ಮಾತ್ರ ಉಳಿಯಿತು. 1968ರಲ್ಲಿ ಪ್ರಾಂತಸರಕಾರವೇ ಫ್ರೆಂಚಿನ ಏಳಿಗೆಗಾಗಿ ಮಂಡಲಿಯೊಂದನ್ನು ಸ್ಥಾಪಿಸಿ ಹೊರದೇಶಗಳಿಂದ ಶಿಕ್ಷಕರನ್ನು ಕರೆಯಿಸಿತು. ಆ ನೆರೆಯ ಮುದುಕರ ಮೊಮ್ಮಗಳು ಈಗ ಶಾಲೆಯಲ್ಲಿ ಫ್ರೆಂಚನ್ನು ಕಲಿತು ಅಜ್ಜನೊಡನೆ ಆಡುವಳಂತೆ. ತಮ್ಮ ಮಕ್ಕಳೊಡನೆ ಆಡದ ಮಾತನ್ನು ಆ ವೃದ್ಧರು ಮೊಮ್ಮಗಳೊಡನೆ ಆಡುತ್ತಿರುವರು.

ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಅವರನ್ನು ಹೊಡೆದು ಬಿಡಿಸಿದರು. ನನ್ನನ್ನಾದರೋ ಯಾರೂ ಹೊಡೆಯಲಿಲ್ಲ. 1992ರಲ್ಲಿ ಕೊಂಕಣಿಯು ಭಾರತ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತೆಂದು ಸಂತೋಷಪಟ್ಟವನು ನಾನು. ಆದರೆ ನನ್ನ ಅಡಿಗೆಮನೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ಮರುದಿನ ಹುಡುಗನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದೆನು. ಪಂಚಕಜ್ಜಾಯವನ್ನು ತಿನ್ನುತ್ತ ಬರುವ ದಾರಿಯಲ್ಲಿ ಅಜ್ಜಿಯ ಎರಡು ಮಾತುಗಳನ್ನು ಕಲಿಸಿದೆನು. ಈಗ ಪ್ರತಿ ರವಿವಾರ ಅವನು ದೂರವಾಣಿಯಲ್ಲಿ ಮಾತನಾಡುವನು. ನನ್ನ ತಾಯಿಯು "ಯೋ ಪುತಾ" ಎಂದು ಕರೆಯುವಳು. ಬಾ ಮಗನೇ ಎಂದು ಅದರ ಅರ್ಥ. ಹುಡುಗನು ತಪ್ಪುತಪ್ಪಾಗಿ ಉತ್ತರಿಸುವನು. ಆಕೆಗೆ ಅಷ್ಟೇ ಸಾಕು.

ಮನೆಯಲ್ಲಿ ಹಿರಿಯರಿರುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಕ್ಕಳಿಗೆ ಎಷ್ಟು ಭಾಷೆಗಳನ್ನಾದರೂ ಕಲಿಸಿರಿ, ಅಜ್ಜಿಯ ಮಾತನ್ನು ಮಾತ್ರ ಬಿಡಿಸಬೇಡಿರಿ.