ಕೋಟೆಗೋಡೆಯ ಮೇಲಿನ ಹೆಂಗಸು

ಪಟ್ಟಿ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ. ತಿಂಗಳ ದಿನಸಿಯ ಪಟ್ಟಿ, ಇಸ್ತ್ರಿಗೆ ಕೊಟ್ಟ ಬಟ್ಟೆಗಳ ಪಟ್ಟಿ, ಗೌರಿಹಬ್ಬಕ್ಕೆ ಬಾಗಿನ ಕೊಡಬೇಕಾದವರ ಪಟ್ಟಿ, ಮದುವೆಗೆ ಕರೆಯಬೇಕಾದವರ ಪಟ್ಟಿ. ಮೊದಲ ಮೂರರಿಂದ ಯಾರಿಗೂ ಅಪಾಯವಿಲ್ಲ. ನಾಲ್ಕನೆಯದು ಮಾತ್ರ ಮನೆಮನೆಗಳ ನಡುವೆ ಮಾತು ಬಿಡಿಸುವಂಥದ್ದು. ಯಾರ ಹೆಸರು ಮೊದಲು ಬಂತು, ಯಾರದು ಬಿಟ್ಟುಹೋಯಿತು ಎಂದು ನೋಡಿದರೆ ಸಾಕು, ಪಟ್ಟಿ ಬರೆದವರು ಯಾವ ಕಡೆಯವರೆಂದು ತಿಳಿದುಹೋಗುತ್ತದೆ. ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿಯೂ ಈ ನಾಲ್ಕನೆಯ ಜಾತಿಗೇ ಸೇರಿದ್ದು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎದ್ದ ಜಗಳ ಆಸ್ತಿಯದಲ್ಲ, ಅಡುಗೆಯದೂ ಅಲ್ಲ. ಚೀನೀ ಭಾಷೆಯ ಸಿನಿಮಾಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂಬುದು! ಇದಕ್ಕೆ ಕಾರಣ ಬೆಂಗಳೂರಿನಿಂದ ರಜೆಗೆ ಬಂದ ಮಗಳು. ಅಲ್ಲಿ ಚಿತ್ರೋತ್ಸವಗಳನ್ನು ನೋಡಿ ನೋಡಿ ಅವಳಿಗೆ ಹುಚ್ಚು ಹತ್ತಿದೆ. ಜೊತೆಗೆ ನನ್ನ ತಂಗಿಯ ಮಗ, ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು, ಅವನೂ ಬಂದಿದ್ದ. ರಾತ್ರಿ ಊಟ ಮುಗಿದ ಮೇಲೆ ದಿನಕ್ಕೊಂದು ಸಿನಿಮಾ. ನಮ್ಮವರು, ನಾನು, ಎಂಬತ್ತೈದು ದಾಟಿದ ನಮ್ಮ ಅತ್ತೆಯವರು ಪ್ರೇಕ್ಷಕರು. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಮಗಳು ಅಜ್ಜಿಯ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು.

ನಮ್ಮವರಿಗೆ ಚೀನೀ ಸಿನಿಮಾ ಎಂದರೆ ಬ್ರೂಸ್ ಲೀ. 'ಎಂಟರ್ ದ ಡ್ರ್ಯಾಗನ್' ಬಂದ ಕಾಲದ ಹುಡುಗರಲ್ಲವೇ! ಚೀನೀ ಸಿನಿಮಾ ಒಂದೇ ಮನೆಯದಲ್ಲ, ಪಾಲಾದ ಕುಟುಂಬದ ಹಾಗೆ ಮೂರು ಒಲೆಯದು ಎಂದು ಮಗಳೇ ವಿವರಿಸಬೇಕಾಯಿತು. ಮೇನ್‌ಲ್ಯಾಂಡ್ ಚೀನಾದ್ದು ಒಂದು, ಹಾಂಗ್‌ಕಾಂಗಿನದು ಒಂದು, ತೈವಾನಿನದು ಇನ್ನೊಂದು. ಒಂದು ಕಡೆ ಮ್ಯಾಂಡರಿನ್, ಒಂದು ಕಡೆ ಕ್ಯಾಂಟನೀಸ್, ತೈವಾನಿನಲ್ಲಿ ಮ್ಯಾಂಡರಿನ್ನಿನ ಜೊತೆಗೆ ಮನೆಮಾತಾದ ಇನ್ನೊಂದು ನುಡಿ. ಪಾಲಾದ ಮನೆಗಳಲ್ಲಿ ಹಳೆಯ ನೆನಪುಗಳೂ ಪಾಲಾಗುತ್ತವೆ. ಹಾಗಾಗಿ ಪಟ್ಟಿಗಳೂ ಬೇರೆ ಬೇರೆ. ಚೀನೀ ಸಿನಿಮಾಕ್ಕೆ ನೂರು ವರ್ಷ ತುಂಬಿದ 2005ರಲ್ಲಿ ಹಾಂಗ್‌ಕಾಂಗಿನವರು ನೂರು ಚಿತ್ರಗಳನ್ನು ಆರಿಸಿದಾಗ ಮೊದಲು ನಿಂತದ್ದು ಫೀ ಮು ಎಂಬಾತ 1948ರಲ್ಲಿ ಮಾಡಿದ 'ಸ್ಪ್ರಿಂಗ್ ಇನ್ ಎ ಸ್ಮಾಲ್ ಟೌನ್'. 2011ರಲ್ಲಿ ತೈವಾನಿನ ಗೋಲ್ಡನ್ ಹಾರ್ಸ್ ಚಿತ್ರೋತ್ಸವದವರು ಮಾಡಿಸಿದ ಪಟ್ಟಿಯಲ್ಲಿ ಮೊದಲನೆಯದು ತೈವಾನಿನದೇ, ಹೌ ಶಿಯಾವ್‌ಶೆನ್ ಅವರ 'ಎ ಸಿಟಿ ಆಫ್ ಸ್ಯಾಡ್‌ನೆಸ್'. ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಇಡೀ ಪ್ರಪಂಚದ ಪಟ್ಟಿ ಮಾಡುತ್ತದೆ. 2022ರಲ್ಲಿ ಅದರ ಐದನೆಯ ಸ್ಥಾನದಲ್ಲಿದ್ದದ್ದು ಹಾಂಗ್‌ಕಾಂಗಿನ ವಾಂಗ್ ಕಾರ್‌ವಾಯ್ ಅವರ 'ಇನ್ ದ ಮೂಡ್ ಫಾರ್ ಲವ್'. ಮೂರು ಪಂಕ್ತಿ, ಮೂರು ಮೊದಲ ಎಲೆ!

ನಮ್ಮವರು ತಕ್ಷಣ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಕಡೆ ವಾಲಿದರು. ಬಿದಿರು ಮೆಳೆಗಳ ತುದಿಯಲ್ಲಿ ತೂಗಾಡುತ್ತ ನಡೆಯುವ ಕತ್ತಿ ಕಾಳಗ ಅವರ ಕಣ್ಣಿಗೆ ಕಟ್ಟಿಬಿಟ್ಟಿತ್ತು. "ನಾಲ್ಕು ಆಸ್ಕರ್ ಬಂದಿದೆಯಂತೆ, ಇನ್ನೇನು ಬೇಕು?" ಎಂದರು. ಬ್ಯಾಂಕಿನಲ್ಲಿದ್ದವರು, ಅಂಕಿ ತೋರಿಸಿದರೆ ವಾದ ಮುಗಿಯಿತೆಂದೇ ಅವರ ನಂಬಿಕೆ.

ಮಗಳದು 'ಇನ್ ದ ಮೂಡ್ ಫಾರ್ ಲವ್'. 1962ರ ಹಾಂಗ್‌ಕಾಂಗಿನ ಒಂದು ಇಕ್ಕಟ್ಟಾದ ವಠಾರ. ಅಕ್ಕಪಕ್ಕದ ಕೋಣೆಗಳಲ್ಲಿ ಬಾಡಿಗೆಗಿರುವ ಒಬ್ಬ ಗೃಹಸ್ಥ, ಒಬ್ಬ ಗೃಹಿಣಿ. ಅವನ ಹೆಂಡತಿಗೂ ಇವಳ ಗಂಡನಿಗೂ ಸಂಬಂಧ ಬೆಳೆದಿದೆ ಎಂದು ಇಬ್ಬರಿಗೂ ನಿಧಾನವಾಗಿ ತಿಳಿಯುತ್ತದೆ. ಆ ಇನ್ನಿಬ್ಬರ ಮುಖವನ್ನು ನಿರ್ದೇಶಕರು ನಮಗೆ ತೋರಿಸುವುದೇ ಇಲ್ಲ. ಮ್ಯಾಗಿ ಚುಂಗ್ ಕತ್ತು ಮುಚ್ಚುವ ಕಾಲರಿನ ಉಡುಪು ತೊಟ್ಟು, ನೂಡಲ್ಸ್ ತರಲು ಡಬ್ಬಿ ಹಿಡಿದು ಮೆಟ್ಟಿಲಿಳಿಯುವುದನ್ನು ನೋಡಬೇಕು. ಒಬ್ಬಳಿಗೋಸ್ಕರ ಏನು ಅಡುಗೆ ಮಾಡಿಕೊಳ್ಳುವುದು ಎಂಬ ಬೇಸರ ಆ ನಡಿಗೆಯಲ್ಲೇ ಇದೆ. ವಠಾರದಲ್ಲಿ ಬಾಳಿದವರಿಗೆ ಪಕ್ಕದ ಮನೆಯ ಕಣ್ಣು ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ತಂಗಿಯ ಮಗ ಮಾತ್ರ ತೈವಾನಿನ ಚಿತ್ರವನ್ನು ಬಿಟ್ಟುಕೊಡಲಿಲ್ಲ. "ದೊಡ್ಡಮ್ಮ, ಉಳಿದವೆಲ್ಲ ಮನೆಯೊಳಗಿನ ಕಥೆ. ಇದು ದೇಶದ ಕಥೆ" ಎಂದ. ಅವನ ಮಾತಿನಲ್ಲಿ ತೂಕವಿತ್ತು. 1945ರಲ್ಲಿ ಜಪಾನೀಯರು ಹೊರಟುಹೋದ ಮೇಲೆ ತೈವಾನಿಗೆ ಬಂದ ಹೊಸ ಸರ್ಕಾರ 1947ರ ಫೆಬ್ರವರಿ 28ರ ಗಲಭೆಯ ನಂತರ ಸಾವಿರಾರು ಜನರನ್ನು ಕೊಂದಿತು. 1949ರಿಂದ 1987ರವರೆಗೆ, ಮೂವತ್ತೆಂಟು ವರ್ಷ, ಅಲ್ಲಿ ಮಿಲಿಟರಿ ಕಾನೂನು. ಆ ಹತ್ಯೆಯ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಕಾನೂನು ತೆಗೆದ ಎರಡೇ ವರ್ಷಕ್ಕೆ, 1989ರಲ್ಲಿ, ಹೌ ಈ ಚಿತ್ರ ಮಾಡಿದರು. ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪಡೆದ ಮೊದಲ ಚೀನೀ ಭಾಷೆಯ ಚಿತ್ರ ಅದು.

ಚಿತ್ರ ದೊಡ್ಡದೇ, ಒಪ್ಪುತ್ತೇನೆ. ಆದರೆ ಆ ದೇಶದ ಕಥೆ ನಮಗೆ ತಿಳಿಯುವುದು ಯಾರ ಮೂಲಕ? ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ದಿನಚರಿ ಬರೆಯುತ್ತಾಳೆ. ಅವಳ ಕೈಹಿಡಿಯುವ ಫೋಟೋಗ್ರಾಫರನಿಗೆ ಕಿವಿ ಕೇಳದು, ಮಾತು ಬಾರದು. ಇಬ್ಬರೂ ಚೀಟಿಗಳಲ್ಲಿ ಬರೆದು ಬರೆದು ಮಾತಾಡಿಕೊಳ್ಳುತ್ತಾರೆ. ಮಾತೇ ನಿಷೇಧವಾದ ಊರಿಗೆ ಇದಕ್ಕಿಂತ ಒಳ್ಳೆಯ ನಾಯಕ ಬೇಕೆ? ಹಾಗಾದರೆ ದೇಶದ ಕಥೆ ಬೇರೆ, ಮನೆಯೊಳಗಿನ ಕಥೆ ಬೇರೆ ಎಂದು ಗೆರೆ ಎಳೆದವರು ಯಾರು? ಇದನ್ನು ಕೇಳಿದಾಗ ನಮ್ಮ ಹುಡುಗ ನಕ್ಕು, "ದೊಡ್ಡಮ್ಮ ವಕೀಲೆ ಆಗಬೇಕಿತ್ತು" ಎಂದ.

ನನ್ನ ಓಟು ಇದ್ದದ್ದು 1948ರ ಆ ಕಪ್ಪು ಬಿಳುಪು ಚಿತ್ರಕ್ಕೆ.

ಕಥೆ ಎಂದು ಹೇಳಹೊರಟರೆ ಅಂಗೈಯಗಲದ್ದು. ಯುದ್ಧದಲ್ಲಿ ಹಾಳಾದ ಒಂದು ಸಣ್ಣ ಊರು, ಅಲ್ಲಿ ಅರ್ಧ ಕುಸಿದ ಒಂದು ದೊಡ್ಡ ಮನೆ. ಕಾಯಿಲೆಯ ಗಂಡ, ಅವನ ಹೆಂಡತಿ ಯೂವೆನ್, ಶಾಲೆಗೆ ಹೋಗುವ ನಾದಿನಿ, ಒಬ್ಬ ಮುದಿ ಆಳು. ಗಂಡ ಹೆಂಡತಿ ಮಲಗುವ ಕೋಣೆಗಳೂ ಬೇರೆ. ಯೂವೆನ್ ದಿನಾ ಬುಟ್ಟಿ ಹಿಡಿದು ತರಕಾರಿ ತರುತ್ತಾಳೆ, ಗಂಡನಿಗೆ ಔಷಧಿ ತರುತ್ತಾಳೆ, ಬರುವಾಗ ಊರಿನ ಪಾಳುಬಿದ್ದ ಕೋಟೆಗೋಡೆಯ ಮೇಲೆ ಸ್ವಲ್ಪ ದೂರ ನಡೆಯುತ್ತಾಳೆ. ಒಂದು ದಿನ ಗಂಡನ ಹಳೆಯ ಗೆಳೆಯ, ಒಬ್ಬ ಡಾಕ್ಟರು, ಮನೆಗೆ ಬಂದಿಳಿಯುತ್ತಾನೆ. ಅವನು ಮದುವೆಗೆ ಮೊದಲು ಯೂವೆನ್ ಪ್ರೀತಿಸಿದ್ದ ಹುಡುಗ. ಇಡೀ ಚಿತ್ರದಲ್ಲಿ ಇರುವುದು ಈ ಐದೇ ಜನ. ನಾದಿನಿಗೆ ಹದಿನಾರು ತುಂಬಿದ ದಿನ ಎಲ್ಲರೂ ಕುಡಿದು ನಗುತ್ತಾರೆ. ಯೂವೆನ್ ನಗುವುದನ್ನು ಅಂದು ನೋಡಿದ ಗಂಡನಿಗೆ ಎಲ್ಲವೂ ಅರ್ಥವಾಗುತ್ತದೆ. ಅವನು ನಿದ್ದೆಮಾತ್ರೆ ನುಂಗುತ್ತಾನೆ, ಬದುಕಿಕೊಳ್ಳುತ್ತಾನೆ. ಡಾಕ್ಟರು ಊರು ಬಿಡುತ್ತಾನೆ. ಇಷ್ಟೇ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳ ದನಿ. ಕಥೆಯನ್ನು ನಮಗೆ ಹೇಳುವವಳು ಯೂವೆನ್ನೇ, ಪಿಸುಮಾತಿನಲ್ಲಿ. ಡಾಕ್ಟರು ಊರಿಗೆ ಬಂದಿಳಿದದ್ದನ್ನು ಅವಳು ಕಂಡಿಲ್ಲ, ಆದರೂ ಹೇಳುತ್ತಾಳೆ. ಮನೆಯವರೆದುರು ನಾಲ್ಕು ಮಾತಾಡದ ಹೆಂಗಸಿನ ತಲೆಯೊಳಗೆ ಎಲ್ಲರ ಕಥೆಯೂ ಓಡುತ್ತಿರುತ್ತದೆ ಎಂದು ಈ ಫೀ ಮುಗೆ ಹೇಗೆ ಗೊತ್ತಾಯಿತೋ! 2002ರಲ್ಲಿ ಟಿಯಾನ್ ಜುವಾಂಗ್‌ಜುವಾಂಗ್ ಎಂಬ ನಿರ್ದೇಶಕರು ಇದೇ ಕಥೆಯನ್ನು ಬಣ್ಣದಲ್ಲಿ ಮತ್ತೆ ತೆಗೆದರು. ಬಲು ಚೆಂದದ ಚಿತ್ರ. ಆದರೆ ಆ ಒಳದನಿಯನ್ನು ಅವರು ತೆಗೆದುಬಿಟ್ಟರು. ನನಗೆ ಒಗ್ಗರಣೆ ಮರೆತ ಸಾರಿನಂತೆ ಕಂಡಿತು.

ಈ ಚಿತ್ರ ಬಂದ ಮರುವರ್ಷವೇ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ದೇಶವೇ ಹೊತ್ತಿ ಉರಿಯುವಾಗ ಒಬ್ಬ ಗೃಹಿಣಿಯ ನಿಟ್ಟುಸಿರನ್ನು ಚಿತ್ರ ಮಾಡುತ್ತ ಕೂತದ್ದು ತಪ್ಪು ಎಂದಾಯಿತು. ಫೀ ಮು ಹಾಂಗ್‌ಕಾಂಗಿಗೆ ಹೋಗಿ 1951ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ತೀರಿಕೊಂಡರು. ಚಿತ್ರ ಮೂಲೆ ಸೇರಿತು. 1980ರ ದಶಕದಲ್ಲಿ ಹೊಸ ಪ್ರಿಂಟ್ ತೆಗೆದು ತೋರಿಸಿದ ಮೇಲೆಯೇ ಜನ ಕಣ್ಣುಜ್ಜಿಕೊಂಡು ನೋಡಿದ್ದು. ಒಂದು ಕಾಲದಲ್ಲಿ ಪಂಕ್ತಿಯಿಂದ ಎಬ್ಬಿಸಿದವರನ್ನೇ ಇನ್ನೊಂದು ಕಾಲದಲ್ಲಿ ಮೊದಲ ಎಲೆಗೆ ಕೂರಿಸಿದಂತಾಯಿತು.

ಮಗಳಿಗೆ ಇದು ಯಾವುದೂ ಹಿಡಿಸಲಿಲ್ಲ. "ಅಮ್ಮಾ, ಎಲ್ಲ ಸರಿ. ಕೊನೆಗೆ ಅವಳು ಗಂಡನ ಹತ್ತಿರವೇ ಉಳಿದಳಲ್ಲ! ನಮ್ಮ ಹಳೇ ಸಿನಿಮಾಗಳ ಪತಿವ್ರತೆಗೂ ಇವಳಿಗೂ ಏನು ವ್ಯತ್ಯಾಸ? ತಾಳಿಕೋ, ಸಹಿಸಿಕೋ ಅನ್ನೋದು ದೊಡ್ಡ ಸಿನಿಮಾನಾ?" ಎಂದಳು. ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಅವಳೇ ದನಿ ತಗ್ಗಿಸಿ, "ನಿನಗೆ ಯಾಕೆ ಇಷ್ಟ ಅಂತ ಗೊತ್ತು. ನೀನೂ ಹಾಗೇ ಇದ್ದೆಯಲ್ಲ" ಎಂದುಬಿಟ್ಟಳು.

ಮನೆಯಲ್ಲಿ ಒಂದು ಕ್ಷಣ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ನಮ್ಮ ಮಾವನವರು ಲಕ್ವ ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ದರು. ಆಗ ನಾನು ಶಾಲೆಯ ಕೆಲಸ ಬಿಟ್ಟೆ. ಬಿಡುತ್ತೀಯಾ ಎಂದು ಯಾರೂ ಕೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಸಂಜೆ ಔಷಧಿ ಅಂಗಡಿಗೆ ಹೋಗುವುದು ನನ್ನ ಪಾಲಿನ ಕೆಲಸ. ಅಂಗಡಿಗೆ ಪೇಟೆಬೀದಿಯ ದಾರಿ ಹತ್ತಿರ. ನಾನು ಬರುವಾಗ ಮಾತ್ರ ಕೆರೆ ಏರಿಯ ಮೇಲೆ ಸುತ್ತಿಕೊಂಡು ಬರುತ್ತಿದ್ದೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಆ ಹತ್ತು ನಿಮಿಷದಲ್ಲಿ ನಾನು ಯಾರ ಸೊಸೆಯೂ ಅಲ್ಲ, ಯಾರ ತಾಯಿಯೂ ಅಲ್ಲ. ಗಾಳಿ ಇರುತ್ತಿತ್ತು, ನೀರಿನ ಮೇಲೆ ಒಂದಿಷ್ಟು ಬೆಳಕು ಇರುತ್ತಿತ್ತು. ಆರು ವರ್ಷ ನಾನು ಮನುಷ್ಯಳಾಗಿ ಉಳಿದದ್ದು ಆ ಹತ್ತು ನಿಮಿಷದಿಂದ.

ಮಗಳಿಗೆ ಹೇಳಿದೆ: "ಉಳಿದದ್ದು ದೊಡ್ಡ ಸಂಗತಿ ಅಂತ ಆ ಚಿತ್ರ ಎಲ್ಲೂ ಹೇಳೋದಿಲ್ಲ. ಹೋಗಿದ್ದರೆ ಸುಖವಾಗಿರುತ್ತಿದ್ದಳು ಅಂತಲೂ ಹೇಳೋದಿಲ್ಲ. ಬಾಗಿಲ ಗಾಜು ಒಡೆದು ಕೈ ಕೊಯ್ದುಕೊಂಡಳಲ್ಲ, ಅಷ್ಟು ಆಸೆ ಅವಳಿಗಿತ್ತು ಅಂತ ತೋರಿಸಿದೆ. ಪತಿವ್ರತೆಯ ಕಥೆಯಲ್ಲಿ ಆಸೆಗೆ ಜಾಗ ಎಲ್ಲಿದೆ? ಹೋದವಳ ಕಥೆಯನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಉಳಿದವಳ ಒಳಗೆ ಏನಿತ್ತು ಅಂತ ಕೇಳಿದವರು ಕಡಿಮೆ." ಮಗಳು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಅವಳ ಕಾಲಕ್ಕೆ ಅವಳ ಮಾತು ಸರಿಯಾಗಿದೆ, ಅವಳು ಒಪ್ಪದಿರುವುದು ನನಗೆ ಸಂತೋಷವೇ. ನಮ್ಮವರು ಏನೂ ಹೇಳದೆ ಎದ್ದು ಹೋಗಿ ನೀರು ಕುಡಿದು ಬಂದರು.

ಅತ್ತೆಯವರು ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹೋಗಿದ್ದಾರೆಂದೇ ನಾವು ತಿಳಿದಿದ್ದೆವು. ಮೊಮ್ಮಗಳ ಮೊಣಕೈ ಹಿಡಿದು ಕೇಳಿದರು: "ಅಲ್ಲವೇ, ಆ ಹುಡುಗಿ ದಿನಾ ಗಂಡನಿಗೆ ಔಷಧಿ ತರ್ತಾಳಲ್ಲ, ಅವಳಿಗೇ ಮೈ ಸರಿಯಿಲ್ಲದಾಗ ಯಾರು ತಂದುಕೊಡ್ತಾರೆ?"

1947ರಲ್ಲಿ ಏನಾಯಿತೆಂದು ತಾರೀಕು ಸಮೇತ ಹೇಳಬಲ್ಲ ನಮ್ಮ ಹುಡುಗನ ಬಳಿ ಉತ್ತರವಿರಲಿಲ್ಲ. ಆಸ್ಕರ್ ಎಣಿಸಿದವರೂ ಸುಮ್ಮನಿದ್ದರು. ಎಂಬತ್ತೈದು ದಾಟಿದ ನಮ್ಮತ್ತೆ, ನನ್ನನ್ನು ಒಂದು ದಿನವೂ ಹಾಗೆ ಕೇಳಿರದವರು, ಎಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಯಾವುದೋ ದೇಶದಲ್ಲಿ ಯಾರೋ ತೆಗೆದ ಚಿತ್ರ ನೋಡಿ ಆ ಮಾತು ಕೇಳಿದರು. ಅಂಥ ಚಿತ್ರವನ್ನು ನನ್ನ ಪಟ್ಟಿಯಲ್ಲಿ ಮೊದಲು ಬರೆದುಕೊಂಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಎಷ್ಟನೆಯದೋ, ನೋಡಿ ನೀವೇ ಬರೆದುಕೊಳ್ಳಿ.