ಬ್ಯಾಡಗಿಯಲ್ಲಿ ವಾಚು ಬಿಚ್ಚಬೇಡಿ

ಹಾವೇರಿಯಿಂದ ಮೋಟೆಬೆನ್ನೂರು ಮೇಲೆ ಬ್ಯಾಡಗಿ, ಅಲ್ಲಿಂದ ರಾಣೆಬೆನ್ನೂರು. ರಜಾ ದಿನಗಳ ನನ್ನ ಸುತ್ತಾಟ ಇಷ್ಟೇ. ಹುಡುಕುವುದು ಚಾವಿ ಕೊಡುವ ಹಳೆಯ ಎಚ್‌.ಎಂ.ಟಿ. ವಾಚುಗಳನ್ನು.

ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ವಾಚು ಕಾರ್ಖಾನೆಯ ಕಥೆಗೆ 2016ರಲ್ಲಿ ಕೇಂದ್ರ ಸಂಪುಟ ತೆರೆ ಎಳೆಯಿತು. ‘ಜನತಾ’, ‘ಪೈಲಟ್’ಗಳಿಗೆ ಈಗ ಬೇಡಿಕೆ, ಬೆನ್ನಿಗೇ ಮೋಸ. ಹಳೆಯ ಡಯಲ್ ಉಜ್ಜಿ, ಗಾಢ ಬಣ್ಣ ಬಳಿದು, ಹೆಸರು ಅಚ್ಚೊತ್ತಿ ಮಾರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ, ಅಕ್ಷರದ ಅಂಚು ಹರಡಿರುತ್ತದೆ.

‘ಜನತಾ’ದೊಳಗಿನದು 17 ಕಲ್ಲಿನ ಯಂತ್ರ, ಸೆಕೆಂಡಿಗೆ 5 ಟಿಕ್. ವಿಪರೀತ ಮುಂದೆ ಓಡಿದರೆ ದಿಕ್ಸೂಚಿಯ ಪಕ್ಕ ಹಿಡಿಯುತ್ತೇನೆ. ಮುಳ್ಳು ನಡುಗಿದರೆ ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತಗುಣ ತಗುಲಿದೆಯೆಂದು ಸಂಶಯ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ ನಿಜ. ಆದರೂ ಸುಗ್ಗಿಯಲ್ಲಿ ಅಲ್ಲಿ ವಾಚು ಬಿಚ್ಚಕೂಡದು. ಒಂದು ಸೀನು ಬಂತೋ, ಸ್ಕ್ರೂ ಸಿಕ್ಕ ಹಾಗೇ!

ರಾಣೆಬೆನ್ನೂರಿನಲ್ಲಿ ರೈತರೊಬ್ಬರು ತಂದೆಯ ‘ಜನತಾ’ ತಂದರು. “ಡಯಲ್ ಹೊಸಾದು ಹಾಕ್ರಿ ಸರ, ಅಳಿಯಗ ಕೊಡಬೇಕು.” ಕಲೆ ಬಿದ್ದ ಆ ಡಯಲ್ ಅಪ್ಪಟ ಅಸಲಿ. ಅದನ್ನು ಕಿತ್ತರೆ ನಿಮ್ಮಪ್ಪನ ವಾಚು ಅಂತ ಉಳಿಯೋದೇನು ಎಂದೆ. ಯಂತ್ರವನ್ನಷ್ಟೇ ತೊಳೆದು ಎಣ್ಣೆ ಬಿಟ್ಟೆ. ಅವರು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು.

“ಅಳಿಯ ಒಪ್ಪಲಿಲ್ಲಂದ್ರ ನಾನಾ ಕಟ್ಕೋತೀನಿ ಬಿಡ್ರಿ” ಎಂದರು.